ಯಾರೂ ಕೇಳದ ಪ್ರಶ್ನೆಗಳು

ಹೋದ ವರ್ಷ ಅಪ್ಪ ಊರಿನ ಎಟಿಎಂನಲ್ಲಿ ಹತ್ತು ಸಾವಿರ ತೆಗೆಯಲು ಹೋದರು. ಮೆಷಿನ್ ಗರಗರ ಅಂತ ಸದ್ದು ಮಾಡಿತು, ದುಡ್ಡು ಬರಲಿಲ್ಲ. ಖಾತೆಯಿಂದ ಹಣ ಕಡಿತವಾಗಿದೆ ಅನ್ನೋ ಮೆಸೇಜ್ ಮಾತ್ರ ತಪ್ಪದೆ ಬಂತು. "ಏನ್ ಮಾಡ್ಬೇಕು ಅಂತ ವೆಬ್‌ಸೈಟಲ್ಲಿ ಸ್ವಲ್ಪ ನೋಡಮ್ಮ" ಅಂತ ಫೋನ್ ಮಾಡಿದರು.

ನೋಡಿದೆ. ಬ್ಯಾಂಕಿನ ಸೈಟಿನಲ್ಲಿ ಎಫ್‌ಎಕ್ಯೂ ಅಂತ ಒಂದು ಪುಟವೇ ಇತ್ತು. ಮೊದಲ ಪ್ರಶ್ನೆ: ನಮ್ಮ ಡೆಬಿಟ್ ಕಾರ್ಡಿನ ವಿಶೇಷ ಲಾಭಗಳೇನು? ಎರಡನೆಯದು: ಇದಕ್ಕಿಂತ ಮೇಲಿನ ದರ್ಜೆಯ ಕಾರ್ಡ್ ಪಡೆಯುವುದು ಹೇಗೆ? ಮೂರನೆಯದು: ಎಟಿಎಂ ಎಂದರೇನು? ಹೀಗೇ ಕೆಳಗಿಳಿಯುತ್ತಾ ಹೋದ ಮೇಲೆ, ದುಡ್ಡು ಬರದೆ ಖಾತೆಯಿಂದ ಕಡಿತವಾದರೆ ಏನು ಮಾಡಬೇಕು ಅನ್ನುವ ಪ್ರಶ್ನೆ ಅಂತೂ ಸಿಕ್ಕಿತು. ಉತ್ತರ ಒಂದೇ ಸಾಲು: ದಯವಿಟ್ಟು ಗ್ರಾಹಕ ಸೇವಾ ಕೇಂದ್ರವನ್ನು ಸಂಪರ್ಕಿಸಿ. ಸಂಪರ್ಕಿಸಿದೆ. ಅಲ್ಲಿ ಮೊದಲು ಕೇಳಿಸಿದ್ದೇನು ಗೊತ್ತಾ? ಹೆಚ್ಚಿನ ಮಾಹಿತಿಗಾಗಿ ನಮ್ಮ ವೆಬ್‌ಸೈಟಿಗೆ ಭೇಟಿ ನೀಡಿ!

ಪದೇಪದೇ ಕೇಳಲಾಗುವ ಪ್ರಶ್ನೆಗಳು ಅಂದ ಮೇಲೆ ಯಾರಾದರೂ ಒಮ್ಮೆಯಾದರೂ ಕೇಳಿರಬೇಕಲ್ವಾ? ಕಾರ್ಡ್ ಹಿಡಿದು ಎಟಿಎಂ ಮುಂದೆ ನಿಂತ ಯಾವ ಮನುಷ್ಯ 'ಎಟಿಎಂ ಎಂದರೇನು' ಅಂತ ಕೇಳುತ್ತಾನೆ? ತಾನೇ ಪ್ರಶ್ನೆಪತ್ರಿಕೆ ಬರೆದು, ತಾನೇ ಉತ್ತರಿಸಿ, ತಾನೇ ನೂರಕ್ಕೆ ನೂರು ಹಾಕಿಕೊಳ್ಳುವ ಹುಡುಗನ ಥರ ಇದೆ ಈ ಪುಟ.

ಇದು ಬರೀ ಕಿರಿಕಿರಿಯ ವಿಷಯವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅಪ್ಪನ ಪ್ರಶ್ನೆಗೆ ಖಚಿತವಾದ ಉತ್ತರ ಇದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಎಟಿಎಂನಲ್ಲಿ ನೋಟು ಬರದೆ ಖಾತೆಯಿಂದ ಹಣ ಹೋಗಿದ್ದರೆ, ಆ ದಿನದಿಂದ 5 ದಿನದೊಳಗೆ ಬ್ಯಾಂಕ್ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಅದನ್ನೂ ಗ್ರಾಹಕ ಕೇಳುವ ತನಕ ಕಾಯದೆ, ತಾನಾಗಿಯೇ ಕೊಡಬೇಕು. ಎರಡು ವಾಕ್ಯದಲ್ಲಿ ಮುಗಿಯುವ ಉತ್ತರ. ಅಪ್ಪನಿಗೂ ಅರ್ಥವಾಗುತ್ತಿತ್ತು. ಆ ಪುಟದಲ್ಲಿ ಕಾರ್ಡಿನ ಬಣ್ಣಗಳ ಬಗ್ಗೆ ಒಂದು ಪ್ಯಾರಾ ಇತ್ತು, ಈ ಎರಡು ವಾಕ್ಯ ಇರಲಿಲ್ಲ.

ಇಷ್ಟೆಲ್ಲ ಬೈದ ಮೇಲೆ ನನ್ನದೂ ಒಂದು ತಪ್ಪೊಪ್ಪಿಗೆ. ಇಂಥ ಪುಟ ನಾನೂ ಬರೆದಿದ್ದೇನೆ. ನಾಳೆ ಬೆಳಗ್ಗೆ ಸೈಟ್ ಲೈವ್ ಹೋಗಬೇಕು, ಕೊನೆಯ ಪುಟ ಖಾಲಿ. "ಹತ್ತು ಪ್ರಶ್ನೆ ಹಾಕಿಬಿಡಿ, ಗೂಗಲ್‌ನಲ್ಲಿ ಮೇಲೆ ಬರುತ್ತೆ" ಅಂದರು. ಕಾಫಿ ಕುಡಿಯುತ್ತಾ ಅರ್ಧ ಗಂಟೆಯಲ್ಲಿ ಹತ್ತೂ ಪ್ರಶ್ನೆ ಹುಟ್ಟಿಸಿದೆ. ಅದೇ ಮಹಡಿಯಲ್ಲಿ, ನಾಲ್ಕು ಡೆಸ್ಕ್ ಆಚೆ, ದಿನವಿಡೀ ಗ್ರಾಹಕರ ಬೈಗುಳ ಕೇಳುವ ಸಪೋರ್ಟ್ ಟೀಮ್ ಕೂತಿತ್ತು. ಜನ ನಿಜವಾಗಿ ಏನು ಕೇಳುತ್ತಾರೆ ಅಂತ ಅವರಿಗೆ ಬಾಯಿಪಾಠವಾಗಿತ್ತು. ಎದ್ದು ಹೋಗಿ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಕೇಳಿದ್ದರೂ ಅವರು ಹೇಳಿದ ಮೊದಲ ಪ್ರಶ್ನೆ, ರೀಫಂಡ್ ಯಾವಾಗ ಬರುತ್ತೆ ಅನ್ನುವುದು, ಮೇಲಿನವರ ಅಪ್ರೂವಲ್ ದಾಟುತ್ತಿತ್ತಾ? ಅನುಮಾನ. ದಿನಾಂಕ ಬರೆದರೆ ಅದನ್ನು ಪಾಲಿಸಬೇಕಾಗುತ್ತದೆ. 'ಸಂಪರ್ಕಿಸಿ' ಅಂತ ಬರೆದರೆ ಯಾವ ಜವಾಬ್ದಾರಿಯೂ ಇಲ್ಲ.

ಬ್ರಿಟನ್ ಸರ್ಕಾರ ತನ್ನ ಜಾಲತಾಣಕ್ಕೆ ಬರೆಯುವವರಿಗೆ ಕೊಟ್ಟಿರುವ ಸೂಚನೆಗಳಲ್ಲಿ ಎಫ್‌ಎಕ್ಯೂ ಬಳಸಬೇಡಿ ಅಂತಲೇ ಇದೆ. ಜನರಿಗೆ ಏನು ಬೇಕು ಅನ್ನುವುದರಿಂದ ಶುರುಮಾಡಿ ಬರೆದರೆ ಅಂಥ ಪುಟ ಬೇಕಾಗುವುದಿಲ್ಲ ಅನ್ನುವುದು ಅವರ ವಾದ. ನಾನು ಅಷ್ಟು ದೂರ ಹೋಗಲ್ಲ. ಪುಟ ಇರಲಿ. ಆದರೆ ಅದನ್ನು ದೂರುಗಳ ಪಟ್ಟಿ ಮುಂದಿಟ್ಟುಕೊಂಡು ಬರೆಯಲಿ. ಪ್ರತಿ ಉತ್ತರದಲ್ಲೂ ಎಷ್ಟು ದಿನ, ಎಷ್ಟು ದುಡ್ಡು, ಆಗದಿದ್ದರೆ ಮುಂದೆ ಯಾರು ಅನ್ನುವುದು ಇರಲಿ. ಈ ಮೂರೂ ಇಲ್ಲದ್ದು ಉತ್ತರವಲ್ಲ, ಜಾಹೀರಾತು.

ಅಪ್ಪನ ಹತ್ತು ಸಾವಿರ 14ನೇ ದಿನಕ್ಕೆ ವಾಪಸ್ ಬಂತು. ಒಂಬತ್ತು ದಿನ ತಡ, ಅಂದರೆ 900 ರೂಪಾಯಿ ಪರಿಹಾರ. ಅದು ತಾನಾಗಿ ಬರಲಿಲ್ಲ. ಸುತ್ತೋಲೆಯ ತಾರೀಖು ಬರೆದು ಮೇಲ್ ಹಾಕಿದ ಮೇಲೆ, ಒಂದು ವಾರಕ್ಕೆ ಖಾತೆಗೆ ಬಿತ್ತು.

ಅಪ್ಪನಿಗೆ ಖುಷಿಯಾಯಿತು. ಆಮೇಲೆ ಕೇಳಿದರು: "ಅಲ್ಲಮ್ಮ, ಮೇಲ್ ಹಾಕೋಕೆ ನಿನ್ನಂಥ ಮಗಳು ಇಲ್ಲದೋರು ಏನ್ ಮಾಡ್ತಾರೆ?"

ಈ ಪ್ರಶ್ನೆಯೂ ಆ ಪುಟದಲ್ಲಿಲ್ಲ.