ಅರಿಯುವ ಹೊಣೆ, ಹೇಳುವ ಮಿತಿ

ಸಂಶೋಧಕನ ಕಾರ್ಯಕ್ಕೂ ಕಾದಂಬರಿಕಾರನ ಕಾರ್ಯಕ್ಕೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ನಮ್ಮ ಸಾಹಿತ್ಯ ವಿಮರ್ಶೆ ಅಷ್ಟಾಗಿ ಗಮನಿಸಿದಂತಿಲ್ಲ. ಜ್ಞಾನಭಾರತಿಯಲ್ಲಿರುವ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರದಂತಹ ಸಂಸ್ಥೆಗಳಲ್ಲಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗೆ ಆಕರಗಳನ್ನು ಒರೆಹಚ್ಚುವ, ಪಾಠಾಂತರಗಳನ್ನು ತೂಗಿನೋಡುವ, ಪಡೆದ ಋಣವನ್ನು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಳ್ಳುವ ಶಿಸ್ತನ್ನು ಕಲಿಸಲಾಗುತ್ತದೆ. ಅವನ ಮಾತಿಗೆ ಆಧಾರವೇನೆಂದು ಯಾರಾದರೂ ಕೇಳಬಹುದು; ಅವನು ಉತ್ತರಿಸಲೇಬೇಕು. ಕಾದಂಬರಿಕಾರನಿಗೆ ಅಂತಹ ಗುರುಕುಲವೂ ಇಲ್ಲ, ಅಂತಹ ಪರೀಕ್ಷಕರೂ ಇಲ್ಲ. ಅವನೂ ಊರೂರು ಅಲೆಯುತ್ತಾನೆ, ದುಃಖಿತರ ಮನೆಗಳಲ್ಲಿ ಕುಳಿತು ಅವರ ಕಥೆ ಕೇಳುತ್ತಾನೆ, ದಾಖಲೆಗಳನ್ನು ಓದುತ್ತಾನೆ. ಆದರೆ ಕೃತಿ ಹೊರಬಂದಾಗ ಆ ಆಕರಗಳೆಲ್ಲ ಕಥೆಯೊಳಗೆ ಕರಗಿಹೋಗಿರುತ್ತವೆ. ಆದುದರಿಂದ ಆತನ ಸಂಶೋಧನೆಯ ಧರ್ಮಾಧರ್ಮವನ್ನು ಆತನ ಅಂತಸ್ಸಾಕ್ಷಿಯೇ ನಿರ್ಣಯಿಸಬೇಕಾಗುತ್ತದೆ. ವಸ್ತು ಕೊಲೆಯೋ, ವ್ಯಾಧಿಯೋ, ಮರಣವೋ, ಒಂದು ಸಮುದಾಯದ ಶ್ರದ್ಧೆಯೋ ಆಗಿದ್ದಾಗ ಈ ನಿರ್ಣಯ ಅತ್ಯಂತ ಸೂಕ್ಷ್ಮವಾದುದು.

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಕಲಾವಿದನು ನಿರಂಕುಶನು, ಅವನು ಏನನ್ನಾದರೂ ಹೇಗಾದರೂ ಬರೆಯಬಹುದು ಎಂಬುದು ಒಂದು. ಇಂತಹ ವಿಷಯಗಳನ್ನು ಮುಟ್ಟದಿರುವುದೇ ಲೇಸು ಎಂಬುದು ಮತ್ತೊಂದು. ಇವೆರಡೂ ಪ್ರಶ್ನೆಯನ್ನು ಎದುರಿಸದೆ ದಾಟಿಬಿಡುವ ಉತ್ತರಗಳು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನು ಅದಕ್ಕೆ ಕಾರಣವಾಗಿ ಮುಂದಿಡುತ್ತಾರೆ. ಲೇಖಕನ ವಿಷಯಕ್ಕೂ ಈ ವಿವೇಕ ಅನ್ವಯಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಭೀಕರವಾದ ವಸ್ತುವನ್ನು ಆರಿಸಿಕೊಂಡದ್ದು ದೋಷವಲ್ಲ. ಅದನ್ನು ಅರಿಯುವಾಗ, ಅರಿತುದನ್ನು ಹೇಳುವಾಗ ಎಚ್ಚರ ತಪ್ಪಿದರೆ ಅದು ದೋಷ.

ಕನ್ನಡದಲ್ಲಿ ಇದಕ್ಕೆ ಪ್ರಾಚೀನ ನಿದರ್ಶನವೇ ಇದೆ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯಲ್ಲಿ ನರಬಲಿಯ ಸಿದ್ಧತೆ ಇದೆ, ಅಕ್ರಮ ಪ್ರಣಯವಿದೆ, ವಿಷಪ್ರಯೋಗವಿದೆ. ಅಹಿಂಸೆಯನ್ನು ಪ್ರತಿಪಾದಿಸಲು ಹೊರಟ ಕವಿ ಹಿಂಸೆಯಿಂದ ಮುಖ ತಿರುಗಿಸಿಕೊಳ್ಳಲಿಲ್ಲ. ಚಂಡಮಾರಿಯ ಗುಡಿಯ ಘೋರತೆಯನ್ನು ಆತ ಸಂಕೋಚವಿಲ್ಲದೆ ವರ್ಣಿಸುತ್ತಾನೆ; ಏಕೆಂದರೆ ಅಲ್ಲಿ ನಿಂತ ಅಭಯರುಚಿ, ಅಭಯಮತಿಯರ ಶಾಂತಿ ಎಂತಹುದೆಂದು ತಿಳಿಯಬೇಕಾದರೆ ಆ ಘೋರತೆ ನಮಗೆ ಕಾಣಲೇಬೇಕು. ಹಿಟ್ಟಿನ ಕೋಳಿಯನ್ನು ಕಡಿಯುವ ಪ್ರಸಂಗದಲ್ಲಿ ಒಂದು ಜೀವವೂ ಹೋಗುವುದಿಲ್ಲ, ಆದರೂ ಕಾವ್ಯದ ಸಮಸ್ತ ಭಾರವೂ ಅಲ್ಲಿಯೇ ಬೀಳುತ್ತದೆ. ಸಂಕಲ್ಪದಲ್ಲಿಯೇ ಹಿಂಸೆ ಹುಟ್ಟುತ್ತದೆ ಎಂಬುದನ್ನು ತೋರಿಸುವುದು ಕವಿಯ ಉದ್ದೇಶ. ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುವಾಗ ಕಾವ್ಯದ ದೃಷ್ಟಿ ನೆಟ್ಟಿರುವುದು ಅವಳ ಮನಸ್ಸಿನ ಮೇಲೆ. ವಿಷದ ಸ್ವರೂಪವನ್ನೂ ಅದನ್ನು ಸಿದ್ಧಪಡಿಸುವ ಬಗೆಯನ್ನೂ ಅರಿಯುವ ಅಗತ್ಯ ನಮಗೆ ಬೀಳುವುದಿಲ್ಲ. ಏಳುನೂರಕ್ಕೂ ಹೆಚ್ಚು ವರ್ಷಗಳ ನಂತರ ಗಿರೀಶ ಕಾರ್ನಾಡರು ಇದೇ ಕಥೆಯನ್ನು 'ಹಿಟ್ಟಿನ ಹುಂಜ' ನಾಟಕದಲ್ಲಿ ಎತ್ತಿಕೊಂಡಾಗಲೂ ಈ ಸಂಕಲ್ಪಹಿಂಸೆಯ ಪ್ರಶ್ನೆಯೇ ಅವರನ್ನು ಸೆಳೆಯಿತು. ಅಪರಾಧವನ್ನು ಬಣ್ಣಿಸುವ ಇಂದಿನ ಲೇಖಕನು ಇಲ್ಲಿಂದ ಪಡೆಯಬಹುದಾದ ಪಾಠ ಸರಳವಾದುದು: ಕೃತ್ಯದ ತಂತ್ರವನ್ನು ಅವನು ತನ್ನ ಖಚಿತತೆಗಾಗಿ ಅರಿತಿರಲಿ, ಓದುಗನಿಗೆ ಬೇಕಾದದ್ದು ಕರ್ತೃವಿನ ಅಂತರಂಗ.

ಅರಿಯುವ ಮಾರ್ಗದ ಪ್ರಶ್ನೆ ಇದಕ್ಕಿಂತ ಜಟಿಲ. ಎಸ್. ಎಲ್. ಭೈರಪ್ಪನವರು 1979ರಲ್ಲಿ ಪ್ರಕಟವಾದ 'ಪರ್ವ'ಕ್ಕಾಗಿ ಗ್ರಂಥಾಧ್ಯಯನದೊಡನೆ ಹಿಮಾಲಯದ, ಬಹುಪತಿತ್ವ ರೂಢಿಯಲ್ಲಿದ್ದ ಹಳ್ಳಿಗಳಲ್ಲಿಯೂ ಸಂಚರಿಸಿದರು. ದ್ರೌಪದಿಯ ಬದುಕನ್ನು ಗ್ರಂಥಗಳಿಂದ ಮಾತ್ರ ಊಹಿಸದೆ ಅಂತಹ ಬದುಕನ್ನು ಬಾಳುತ್ತಿದ್ದವರ ನಡುವೆ ಹೋಗಿ ನೋಡಿದ್ದು ಕನ್ನಡ ಕಾದಂಬರಿಯ ಇತಿಹಾಸದಲ್ಲಿ ಗಮನಾರ್ಹವಾದ ಘಟನೆ. ಪಯಣದ ಶ್ರಮ ಲೇಖಕರದೇ ಆಗಿತ್ತು. ಆ ಹಳ್ಳಿಗರ ಪೈಕಿ ಯಾರನ್ನೂ ಅವರು ಓದುಗರ ಕುತೂಹಲಕ್ಕೆ ಒಡ್ಡಲಿಲ್ಲ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ಲೇಖಕಿ ದೂರ ಹೋಗಲಿಲ್ಲ. ಸ್ವಂತ ಮನೆತನದ ಬಾಲವಿಧವೆಯೊಬ್ಬರ ಜೀವನವನ್ನು ಹಿರಿಯ ಹೆಂಗಸರ ನೆನಪಿನ ಮೂಲಕ ಪಡೆದರು. ಬಂಧುಗಳ ನೋವನ್ನು ಬರೆಯುವುದು ಅಪರಿಚಿತರ ನೋವನ್ನು ಬರೆಯುವುದಕ್ಕಿಂತ ಕಷ್ಟ. ವಿಶ್ವಾಸದಿಂದ ಹೇಳಿದ ಮಾತು ಊರಿಗೆಲ್ಲ ತಿಳಿಯುವಂತಾಗುತ್ತದೆ. ಆ ಕೃತಿ ಹೊರಬಂದದ್ದು ಫಣಿಯಮ್ಮ ತೀರಿಕೊಂಡ ಎಷ್ಟೋ ವರ್ಷಗಳ ನಂತರ, ಮತ್ತು ಅದರಲ್ಲಿ ಆ ಜೀವದ ಘನತೆ ಎಲ್ಲಿಯೂ ಕುಂದಿಲ್ಲ ಎಂಬ ಎರಡು ಸಂಗತಿಗಳನ್ನು ವಿಮರ್ಶಕರು ಒಟ್ಟಿಗೆ ನೋಡಬೇಕು.

ಆದರೆ ಕಥೆ ಕೊಟ್ಟವರು ಬದುಕಿರುವಾಗ, ಅವರ ನೋವು ಇನ್ನೂ ಮುಗಿಯದಿರುವಾಗ ಲೇಖಕನು ಏನು ಮಾಡಬೇಕು? ಗಡಿನಾಡು ಕಾಸರಗೋಡಿನ ಎಣ್ಮಕಜೆ ಗ್ರಾಮ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ. ಕನ್ನಡ, ತುಳು ಮಾತನಾಡುವ ಈ ಸೀಮೆಯ ಗುಡ್ಡಗಳ ಗೇರು ತೋಟಗಳ ಮೇಲೆ ಕೇರಳದ ತೋಟಗಾರಿಕಾ ನಿಗಮವು 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಅಲ್ಲಿನ ಮಕ್ಕಳಲ್ಲಿ ಕಾಣಿಸಿಕೊಂಡ ವೈಕಲ್ಯಗಳನ್ನೂ ವ್ಯಾಧಿಗಳನ್ನೂ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರು, ಪತ್ರಕರ್ತ ಶ್ರೀ ಪಡ್ರೆ ಅವರು ಲೋಕದ ಗಮನಕ್ಕೆ ತಂದರು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕೀಟನಾಶಕದ ಉತ್ಪಾದನೆ, ಮಾರಾಟ, ಬಳಕೆಗಳನ್ನು ದೇಶಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಈ ಹೋರಾಟದ ನಡುವೆ, 2009ರಲ್ಲಿ, ಮಲಯಾಳದ ಅಂಬಿಕಾಸುತನ್ ಮಾಙಾಡ್ ಅವರು ಗ್ರಾಮದ ಹೆಸರನ್ನೇ ಇಟ್ಟು 'ಎಣ್ಮಕಜೆ' ಕಾದಂಬರಿಯನ್ನು ಪ್ರಕಟಿಸಿದರು.

ಆ ವೇಳೆಗೆ ಅಲ್ಲಿನ ಮಕ್ಕಳ ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದವು. ಅವು ಲೋಕದ ಕಣ್ಣು ತೆರೆಸಿದವು ಎಂಬುದರಲ್ಲಿ ಸಂಶಯವಿಲ್ಲ. ಆದರೂ ಒಂದು ಮಗುವಿನ ಶರೀರವೇ ವಾದದ ಸಾಕ್ಷ್ಯವಾಗಿ ಮತ್ತೆ ಮತ್ತೆ ಪ್ರದರ್ಶಿತವಾಗುವಾಗ ಆ ಮಗುವಿನ ಲಜ್ಜೆಯನ್ನು ಕಾಯುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಕಾದಂಬರಿಕಾರರು ಇಲ್ಲಿ ಬೇರೆ ದಾರಿ ಹಿಡಿದರು. ಊರೂ ಹೊಲವೂ ವಿಷವೂ ನಿಜ. ನೀಲಕಂಠನ್, ದೇವಯಾನಿ ಎಂಬ ದಂಪತಿಗಳೂ ಅವರ ಆಶ್ರಯಕ್ಕೆ ಬಂದ ರೋಗಗ್ರಸ್ತ ಶಿಶುವೂ ಕಲ್ಪಿತರು. ಆ ಶಿಶುವಿನ ಹೆಸರು ಪರೀಕ್ಷಿತ. ಅಶ್ವತ್ಥಾಮನ ಅಸ್ತ್ರಕ್ಕೆ ಗರ್ಭದಲ್ಲಿಯೇ ಗುರಿಯಾದ ಭಾರತದ ಶಿಶುವನ್ನು ಬಲ್ಲ ಓದುಗನಿಗೆ ಆ ಹೆಸರೊಂದೇ ಸಾಕು. ಆಕಾಶದಿಂದ ಬಿದ್ದ ವಿಷ ಇನ್ನೂ ಹುಟ್ಟದವರನ್ನು ಹೊಡೆಯಿತು ಎಂಬುದನ್ನು ನೂರು ಚಿತ್ರಗಳಿಗಿಂತ ಗಾಢವಾಗಿ ಅದು ತಿಳಿಸುತ್ತದೆ. ಯಾವ ನೈಜ ಮಗುವನ್ನೂ ತೆರೆದು ತೋರಿಸದೆ ಎಲ್ಲ ಮಕ್ಕಳ ಪರವಾಗಿ ಮಾತನಾಡಲು ಕಲ್ಪನೆಗೆ ಮಾತ್ರ ಇರುವ ಶಕ್ತಿ ಇದು.

ಆದರೂ ಈ ಕೃತಿ ನಮ್ಮ ಪ್ರಶ್ನೆಯನ್ನು ಸಂಪೂರ್ಣವಾಗಿ ಬಿಡಿಸುವುದಿಲ್ಲ. ಗ್ರಾಮದ ನಿಜನಾಮ ಪುಸ್ತಕದ ಶೀರ್ಷಿಕೆಯಾದಾಗ ವಿಷದೊಡನೆ ಆ ಹೆಸರು ಶಾಶ್ವತವಾಗಿ ಬೆಸೆದುಹೋಗುತ್ತದೆ. ಆ ಊರಿನ ಹೆಣ್ಣುಮಕ್ಕಳಿಗೆ ಸಂಬಂಧ ಕುದುರುವಾಗ, ಅಲ್ಲಿ ಬೆಳೆದ ಫಸಲನ್ನು ಮಾರುವಾಗ ಆ ಹೆಸರು ಹೊರೆಯಾಗಲಾರದೆ? ಹೆಸರನ್ನು ಮರೆಮಾಚಿದ್ದರೆ ಅಪರಾಧಕ್ಕೆ ನೆಲೆಯೇ ಇಲ್ಲದಂತಾಗಿ ಹೊಣೆಗಾರರು ಪಾರಾಗುತ್ತಿದ್ದರು ಎಂಬುದೂ ನಿಜ. ಇಂತಹ ಇಕ್ಕಟ್ಟಿನಲ್ಲಿ ಲೇಖಕನು ಆ ಊರಿನವರೊಡನೆ ಎಷ್ಟು ಕಾಲ ನಿಂತಿದ್ದಾನೆ ಎಂಬುದೇ ನಿರ್ಣಾಯಕ. ಮಾಙಾಡ್ ಅವರು ಅದೇ ಜಿಲ್ಲೆಯವರು. ಕೃತಿಗೆ ಮೊದಲೂ ಅನಂತರವೂ ಸಂತ್ರಸ್ತರ ಹೋರಾಟದಲ್ಲಿ ಪಾಲ್ಗೊಂಡವರು. ಎರಡು ದಿನ ಬಂದು ಕಥೆ ಕೊಂಡೊಯ್ದವರಿಗೆ ಅದೇ ಹೆಸರನ್ನು ಬಳಸುವ ಅಧಿಕಾರ ಇತ್ತೆಂದು ನಾವು ಹೇಳಲಾರೆವು.

ಮೂರನೆಯ ಬಗೆಯ ಅಪಾಯ, ಶ್ರದ್ಧೆಗೆ ಪಾತ್ರರಾದ ಚಾರಿತ್ರಿಕ ವ್ಯಕ್ತಿಗಳದು. ಪಿ. ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿ 1995ರಲ್ಲಿ ಪ್ರಕಟವಾಯಿತು. ಶರಣ ಪರಂಪರೆಯ ಪೂಜ್ಯರ ಬಗೆಗಿನ ಅದರ ಚಿತ್ರಣ ಭಕ್ತರಿಗೆ ನೋವುಂಟುಮಾಡಿತೆಂಬ ಕಾರಣಕ್ಕೆ 1997ರಲ್ಲಿ ರಾಜ್ಯ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಇದರ ವಿರುದ್ಧ ಬರಗೂರು ರಾಮಚಂದ್ರಪ್ಪ ಮತ್ತಿತರರು ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 2007ರ ಮೇ 2ರಂದು ಸರ್ಕಾರದ ಆಜ್ಞೆಯನ್ನೇ ಎತ್ತಿಹಿಡಿಯಿತು. ಪುಸ್ತಕಕ್ಕೆ ಉತ್ತರ ಪುಸ್ತಕವೇ ಆಗಬೇಕಲ್ಲದೆ ಮುಟ್ಟುಗೋಲಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ ಪ್ರಕೃತ ಚರ್ಚೆಗೆ ಬೇಕಾದ ಅಂಶ ಬೇರೆ. ಆಕರಗಳು ಪರಸ್ಪರ ವಿರೋಧಿಸುವೆಡೆ ಸಂಶೋಧಕನು 'ಹೀಗಿದ್ದಿರಬಹುದು' ಎನ್ನುತ್ತಾನೆ. ಕಾದಂಬರಿಯಲ್ಲಿ ಆ 'ಬಹುದು' ಉಳಿಯುವುದಿಲ್ಲ; ಪಾತ್ರ ನಡೆಯುತ್ತದೆ, ನುಡಿಯುತ್ತದೆ, ಓದುಗನು ಅದನ್ನು ಕಣ್ಣಾರೆ ಕಂಡಂತೆ ನಂಬುತ್ತಾನೆ. ಸ್ಯಾದ್ವಾದದ 'ಸ್ಯಾತ್' ಎಂಬ ಪದಕ್ಕೆ ಕಥನದ ವಾಕ್ಯದಲ್ಲಿ ಸ್ಥಾನವಿಲ್ಲ. ಆದುದರಿಂದ ಅದನ್ನು ಕೃತಿಯ ರಚನೆಯಲ್ಲಿಯೇ ತರಬೇಕು: ಒಂದೇ ಘಟನೆಯನ್ನು ಹಲವರ ಬಾಯಿಂದ ಹೇಳಿಸಬಹುದು, ವದಂತಿಯನ್ನು ವದಂತಿಯೆಂದೇ ತೋರಿಸಬಹುದು, ಮುನ್ನುಡಿಯಲ್ಲಿ ಕಲ್ಪಿತವಾದುದೆಷ್ಟು ಎಂದು ಸ್ಪಷ್ಟಪಡಿಸಬಹುದು. ಇದು ಅಂಜಿಕೆಯಿಂದ ಮಾಡುವ ಕೆಲಸವಲ್ಲ. ಸತ್ಯಕ್ಕೆ ಸಲ್ಲಿಸುವ ಗೌರವ.

ಈ ಮಾತುಗಳೆಲ್ಲ ನಮ್ಮ ಓದುಗರಿಗೆ ಅತ್ಯಂತ ನಿಕಟವಾಗುವುದು ಸಲ್ಲೇಖನದ ವಿಷಯದಲ್ಲಿ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಈ ವ್ರತವನ್ನು ಆತ್ಮಹತ್ಯೆಯ ಅಪರಾಧದೊಡನೆ ಸಮೀಕರಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಇಂತಹ ವಸ್ತುವನ್ನು ಕಥೆಗಾರನು ಬಯಸುವುದು ಸಹಜ. ಅವನು ಶ್ರವಣಬೆಳಗೊಳದ ಚಂದ್ರಗಿರಿಯನ್ನು ಏರಿ ನಿಷಿಧಿಗಳ ಮುಂದೆ ನಿಲ್ಲಬೇಕು, ಷ. ಶೆಟ್ಟರ್ ಅವರು 'ಇನ್‌ವೈಟಿಂಗ್ ಡೆತ್', 'ಪರ್‌ಸೂಯಿಂಗ್ ಡೆತ್' ಎಂಬ ಗ್ರಂಥಗಳಲ್ಲಿ ಆ ಶಾಸನಗಳನ್ನೂ ಶಾಸ್ತ್ರಗಳನ್ನೂ ಹೇಗೆ ತಾಳ್ಮೆಯಿಂದ ಪರಿಶೀಲಿಸಿದರೆಂಬುದನ್ನು ಅಭ್ಯಸಿಸಬೇಕು. ಹಾಗೆ ಅಭ್ಯಸಿಸಿದವನಿಗೆ ಒಂದು ಸಂಗತಿ ತಿಳಿಯುತ್ತದೆ. ಬದುಕಬೇಕೆಂಬ ಆಸೆ ಈ ವ್ರತದಲ್ಲಿ ಅತಿಚಾರವಾಗಿರುವಂತೆ ಬೇಗ ಸಾಯಬೇಕೆಂಬ ಆಸೆಯೂ ಅತಿಚಾರವೇ. ಈ ಒಂದು ಅಂಶವನ್ನು ಅರಿಯದೆ ಬರೆದ ಕಥೆ, ಅದು ವ್ರತವನ್ನು ಹೊಗಳಲಿ, ತೆಗಳಲಿ, ಹತಾಶೆಯಿಂದಾಗುವ ಮರಣಕ್ಕೂ ಇದಕ್ಕೂ ಇರುವ ಗಡಿಯನ್ನು ಅಳಿಸಿಹಾಕುತ್ತದೆ. ಅದರ ಪರಿಣಾಮ ಕೇವಲ ಸಾಹಿತ್ಯಕವಲ್ಲ. 1774ರಲ್ಲಿ ಗಯಟೆಯ 'ವೆರ್ಟರ್' ಪ್ರಕಟವಾದಾಗ ಅದರ ನಾಯಕನನ್ನು ಅನುಕರಿಸುವವರು ಹೆಚ್ಚಾದಾರೆಂಬ ಭಯದಿಂದ ಲೈಪ್‌ಸಿಗ್ ನಗರದಲ್ಲಿ ಕೃತಿಯನ್ನು ನಿಷೇಧಿಸಲಾಯಿತು. ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ, ಆತ್ಮಹತ್ಯೆಯ ವಿಧಾನವನ್ನು ವಿವರಿಸಬಾರದೆಂದು ಪತ್ರಿಕೆಗಳಿಗೆ ಸೂಚಿಸಿತು. ನೊಂದ ಮನಸ್ಸೊಂದು ತನ್ನ ಪುಟವನ್ನು ಓದುತ್ತಿರಬಹುದೆಂಬ ಅರಿವು ಕಥೆಗಾರನಿಗೂ ಇರಬೇಕು.

ಕಥೆಗಾರನಿಗೆ ಇಷ್ಟು ಹೇಳಿದ ಮೇಲೆ ಸಮಾಜಕ್ಕೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಸಲ್ಲೇಖನವನ್ನು ಕುರಿತು ಕೇಳಲು ಬಂದ ಲೇಖಕನಿಗೆ ನಾವು ಸಾಮಾನ್ಯವಾಗಿ ಪ್ರಶಸ್ತಿಯನ್ನು ಮಾತ್ರ ಒಪ್ಪಿಸುತ್ತೇವೆ, ಇಲ್ಲವೇ ಬಾಗಿಲು ಮುಚ್ಚುತ್ತೇವೆ. ವೃದ್ಧರ ಮೇಲೆ ಕುಟುಂಬದ ಒತ್ತಡ ಬಿದ್ದೀತೆಂದು ಶಂಕಿಸುವವರ ಪ್ರಶ್ನೆಯನ್ನು ಅವನು ಎತ್ತಿದರೆ ಮುನಿಯುತ್ತೇವೆ. ಆ ಪ್ರಶ್ನೆಯನ್ನು ಕೇಳಿ, ನಿರ್ಯಾಪಕ ಆಚಾರ್ಯರು ಅನುಮತಿಗೆ ಮುನ್ನ ಏನನ್ನು ಪರಿಶೀಲಿಸಬೇಕೆಂಬುದನ್ನು ತಿಳಿಸಿ, ಕಡೆಯ ದಿನಗಳಲ್ಲಿ ಶುಶ್ರೂಷೆ ಮಾಡಿದವರ ಅಳುಕನ್ನೂ ಅಳುವನ್ನೂ ಮುಚ್ಚಿಡದೆ ಹೇಳಿದರೆ ಮಾತ್ರ ಅವನಿಗೆ ಸತ್ಯ ದೊರೆಯುತ್ತದೆ. ನಾವು ಬಾಗಿಲು ಮುಚ್ಚಿದ ಮಾತ್ರಕ್ಕೆ ಬರೆಯುವವನು ನಿಲ್ಲಿಸಲಾರ, ಊಹೆಯಿಂದ ಬರೆಯುತ್ತಾನೆ. ಆ ಪ್ರಮಾದದಲ್ಲಿ ನಮಗೂ ಪಾಲು ಬರುತ್ತದೆ.

ಒಟ್ಟಿನಲ್ಲಿ, ಅಪಾಯದ ವಸ್ತುವನ್ನು ಕೈಗೆತ್ತಿಕೊಳ್ಳುವವನು ತಾನು ಹೇಳುವುದಕ್ಕಿಂತ ಹತ್ತುಪಟ್ಟು ಹೆಚ್ಚು ಅರಿಯಲಿ. ಅರಿಯುವ ಶ್ರಮ ತನ್ನ ಮೇಲೆ ಬೀಳಲಿ, ನೊಂದವರ ಮೇಲೆ ಬೀಳದಿರಲಿ. ಕಥೆ ಕೊಟ್ಟವರು ಬೇಡವೆಂದ ಮಾತನ್ನು, ಅದು ಎಷ್ಟೇ ಸೊಗಸಾದ ಸನ್ನಿವೇಶವಾಗಿದ್ದರೂ, ಬಿಟ್ಟುಕೊಡುವ ಧೈರ್ಯ ಅವನಿಗಿರಲಿ. ಪುಸ್ತಕ ಅಚ್ಚಾದ ಮೇಲೆ ಅದೇ ಮನೆಯ ಜಗಲಿಗೆ ಹೋಗಿ, ಅದೇ ಜನರೆದುರು ಅದನ್ನು ಓದಿ ಹೇಳಬಲ್ಲೆನೆಂಬ ವಿಶ್ವಾಸವಿದ್ದರೆ ಅವನು ಏನನ್ನು ಬೇಕಾದರೂ ಬರೆಯಲಿ.