ಹಾಡು ಏಳುವ ಜಾಗ

ಸಂಗೀತ ನಾಟಕ ಬರೆಯಹೊರಟವರು ಮೊದಲು ಹಾಡು ಕಟ್ಟಲು ಕೂರುತ್ತಾರೆ. ಕಂದಗಲ್ಲ ಹನುಮಂತರಾಯರ (1896–1966) ‘ರಕ್ತರಾತ್ರಿ’ ನೋಡಿದವರಿಗೆ, ಮೊದಲು ಹುಡುಕಬೇಕಾದ್ದು ಹಾಡು ಏಳುವ ಗಳಿಗೆ ಅನ್ನಿಸುತ್ತದೆ. ಹುನಗುಂದ ಸೀಮೆಯ ಈ ನಾಟಕಕಾರರ ಮುಂದೆ ಇಡೀ ಮಹಾಭಾರತವಿತ್ತು. ಅವರು ಹಿಡಿದದ್ದು ಯುದ್ಧದ ಕೊನೆಯನ್ನು, ಅಶ್ವತ್ಥಾಮನ ಸೇಡಿನ ಇರುಳನ್ನು.

ಅವರ ಮಾತೇ ಅರ್ಧ ಸಂಗೀತ. ಪ್ರಾಸ ಕೊಂಚ ಅತಿಯಾಯಿತು ಎನ್ನುವವರಿದ್ದಾರೆ. ಓದುವಾಗ ನನಗೂ ಹಾಗೆನಿಸುತ್ತದೆ, ಕೇಳುವಾಗ ಇಲ್ಲ. ಕಂಪನಿ ನಾಟಕದ ಕಸುಬು ಇರುವುದೇ ಅಲ್ಲಿ: ಮಾತು ಏರುತ್ತ ಏರುತ್ತ ಇನ್ನು ಮಾತಾಗಿ ಉಳಿಯಲಾರದ ತುದಿ ಮುಟ್ಟಬೇಕು, ಪೇಟಿ ಮಾಸ್ತರರು ಆ ಕೊನೆಯ ಪದದಲ್ಲೇ ಶ್ರುತಿ ಹಿಡಿಯಬೇಕು. ‘ಒನ್ಸ್ ಮೋರ್’ ಕೂಗು ಬಿದ್ದರೆ ಅದೇ ಹಾಡು ಮತ್ತೆ. ಎರಡನೇ ಸಲಕ್ಕೂ ತಡೆಯುವ ಹಾಡು ಬರೆಯುವುದು ಹುಡುಗಾಟವಲ್ಲ.

ಬಾದಾಮಿ ಬನಶಂಕರಿ ಜಾತ್ರೆಗೆ ಬಂದರೆ ಈ ಕಸುಬು ಕಣ್ಣಿಗೇ ಕಾಣುತ್ತದೆ. ಬನದ ಹುಣ್ಣಿಮೆಯ ಸುಮಾರಿಗೆ ಕಂಪನಿಗಳು ವಾರಗಟ್ಟಲೆ ಠಿಕಾಣಿ ಹೂಡುತ್ತವೆ. ಇನ್ನೊಂದು ಗುಟ್ಟೂ ಅಲ್ಲೇ ತಿಳಿದೀತು: ಮುಂಪರದೆಯಲ್ಲಿ ನಡೆಯುವ ಹಾಸ್ಯದ ಉದ್ದವನ್ನು ನಾಟಕಕಾರ ಮನಬಂದಂತೆ ಅಳೆಯುವುದಿಲ್ಲ, ಹಿಂದೆ ದರ್ಬಾರಿನ ಸೀನು ಕಟ್ಟಿ ಮುಗಿಯುವಷ್ಟು.