ನಲ್ಲಿಯ ಒಳಗೋಡೆ ಕಲಿಸುವ ಪಾಠ

ಆಸ್ಪತ್ರೆಯ ನಲ್ಲಿಯ ವಿನ್ಯಾಸ ಹೇಗಿರಬೇಕು ಎಂಬುದು ಕೊಳಾಯಿ ಕೆಲಸದವರಿಗೆ ಬಿಟ್ಟ ವಿಷಯ ಎಂದು ನಾವು ಭಾವಿಸುತ್ತೇವೆ. ಆದರೆ ಅದರ ಹಿಂದೆ ಭೌತಶಾಸ್ತ್ರವಿದೆ. ಕೆಲವೊಮ್ಮೆ ಜೀವದ ಪ್ರಶ್ನೆಯೂ ಇರುತ್ತದೆ.

2011ರ ಡಿಸೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಆಲ್ಟ್‌ನಗೆಲ್ವಿನ್ ಆಸ್ಪತ್ರೆಯಲ್ಲಿ ಒಂದು, ಮರು ತಿಂಗಳು ಬೆಲ್‌ಫಾಸ್ಟ್‌ನ ರಾಯಲ್ ಜುಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಮೂರು ನವಜಾತ ಶಿಶುಗಳು ಸ್ಯೂಡೊಮೊನಾಸ್ ಏರುಜಿನೋಸ ಎಂಬ ಬ್ಯಾಕ್ಟೀರಿಯದ ಸೋಂಕಿನಿಂದ ಮೃತಪಟ್ಟವು. ಆರೋಗ್ಯವಂತರಿಗೆ ಈ ಬ್ಯಾಕ್ಟೀರಿಯ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಸ್ಥಿತಿಯೇ ಬೇರೆ. ಅದರ ಚರ್ಮ ಬಲಿತಿರುವುದಿಲ್ಲ. ತಾಯಿಯ ಪ್ರತಿಕಾಯಗಳಲ್ಲಿ ಹೆಚ್ಚಿನವು ಬಸಿರಿನ ಕೊನೆಯ ವಾರಗಳಲ್ಲಿ ಬರುವುದರಿಂದ ಅವೂ ಅದಕ್ಕೆ ದಕ್ಕಿರುವುದಿಲ್ಲ.

ನಲ್ಲಿಗಳನ್ನು ಬಿಚ್ಚಿ ಪರೀಕ್ಷಿಸಿದಾಗ ಬ್ಯಾಕ್ಟೀರಿಯ ಹೆಚ್ಚಾಗಿ ಕಂಡದ್ದು ಅವುಗಳ ತುದಿಯ ಬಿಲ್ಲೆಗಳಲ್ಲಿ. ನೀರು ಚಿಮ್ಮದೆ ನೇರ ಧಾರೆಯಾಗಿ ಬೀಳಲೆಂದು ಇಡುವ ಈ ಬಿಲ್ಲೆಯಲ್ಲಿ ಹಲವು ಕಿರುಕಂಡಿಗಳಿರುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಕಂಡಿಗಳು ಹೆಚ್ಚಿದಷ್ಟೂ ನೀರಿಗೆ ತಾಗುವ ಗೋಡೆಯ ವಿಸ್ತೀರ್ಣ ಹೆಚ್ಚುತ್ತದೆ. ಗೋಡೆಗೆ ಅಂಟಿದ ನೀರಿನ ವೇಗ ಸೊನ್ನೆ. ಅದರ ಪಕ್ಕದ ಪದರದಲ್ಲಿ ಅತ್ಯಲ್ಪ. ಅಲ್ಲಿ ಬ್ಯಾಕ್ಟೀರಿಯಗಳು ಲೋಳೆಯ ಪೊರೆ ಕಟ್ಟಿಕೊಂಡು ನೆಲೆಸುತ್ತವೆ. ನಲ್ಲಿ ಎಷ್ಟೇ ರಭಸದಿಂದ ಹರಿದರೂ ಅವು ಪೂರ್ತಿ ತೊಳೆದುಹೋಗುವುದಿಲ್ಲ. ಪೊರೆಯ ತುಣುಕು ಕಳಚಿದರೆ ನೀರಿನೊಡನೆ ಶಿಶುವನ್ನು ತಲಪುತ್ತದೆ. ಇಂಥ ಘಟಕಗಳಲ್ಲಿ ಶಿಶುಗಳನ್ನು ಒರೆಸಲು ಕ್ರಿಮಿರಹಿತ ನೀರನ್ನೇ ಬಳಸಬೇಕೆಂದು 2012ರ ಪರಿಶೀಲನಾ ಸಮಿತಿ ಸೂಚಿಸಿತು.

ಇದು ಒಂದೇ ಬಿಲ್ಲೆಯ ದೋಷವಲ್ಲ. ಕೈ ಸೋಕಿಸದೆ ತೆರೆಯುವ ವಿದ್ಯುನ್ಮಾನ ನಲ್ಲಿಗಳನ್ನು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯವರು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ತಿಳಿಸಿದ್ದರು. ಅವುಗಳ ನೀರಿನ ಮಾದರಿಗಳಲ್ಲಿ ಶೇ. 50ರಲ್ಲಿ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯವಿತ್ತು. ಕೈಯಿಂದ ತಿರುಗಿಸುವ ನಲ್ಲಿಗಳಲ್ಲಿ ಶೇ. 15ರಲ್ಲಿ ಮಾತ್ರ. ಒಳಗೆ ಕವಾಟಗಳು, ಬಿಡಿಭಾಗಗಳು ಹೆಚ್ಚಾದುದೇ ಇದಕ್ಕೆ ಕಾರಣವಿರಬಹುದೆಂದು ಅವರು ಅಭಿಪ್ರಾಯಪಟ್ಟರು. ಎರಡು ಸಂದರ್ಭಗಳಲ್ಲೂ ವಿನ್ಯಾಸಕಾರರು ಸೋಂಕಿನ ಒಂದು ದಾರಿಯನ್ನು ಮುಚ್ಚುವಾಗ ಇನ್ನೊಂದನ್ನು ಗಮನಿಸಲಿಲ್ಲ.

ಅವರನ್ನಷ್ಟೇ ದೂರುವುದು ಸರಿಯಲ್ಲ. ಕೊಳವೆಯಲ್ಲಿ ದ್ರವದ ಹರಿವನ್ನು ನಾವು ವರ್ಷಗಟ್ಟಲೆ ಪಾಠ ಮಾಡಿದ್ದೇವೆ. ಗೋಡೆಯ ಬಳಿ ವೇಗ ಸೊನ್ನೆ ಎಂದು ಕರಿಹಲಗೆಯ ಮೇಲೆ ಬರೆದು, ಕೂಡಲೇ ಸೂತ್ರಕ್ಕೆ ಸಾಗಿದ್ದೇವೆ. ಸೆಕೆಂಡಿಗೆ ಎಷ್ಟು ನೀರು ಹೊರಬರುತ್ತದೆ ಎಂದು ನಾನೂ ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೇನೆ. ವೇಗ ಸೊನ್ನೆಯಾದ ಕಡೆ ಏನು ಉಳಿಯುತ್ತದೆ ಎಂದು ಒಮ್ಮೆಯೂ ಕೇಳಿಲ್ಲ. ಆ ಪ್ರಶ್ನೆ ಕೇಳಿಸಿಕೊಂಡ ವಿದ್ಯಾರ್ಥಿ ಮುಂದೆ ನಲ್ಲಿಯ ವಿನ್ಯಾಸ ಮಾಡುವಾಗ ಗೋಡೆಯನ್ನು ಮರೆಯಲಾರ.